ಇಡೀ ದಿನದ ಸುದ್ದಿ, ಇಪ್ಪತ್ತೆರಡು ನಿಮಿಷದ ಸರಕು: 1010 ವಿನ್ಸ್ ಒಳ್ಳೆಯ ರೇಡಿಯೊವೇ?

ನ್ಯೂಯಾರ್ಕಿನಲ್ಲಿ ಹಾಡಿಲ್ಲದೆ, ಹರಟೆಯಿಲ್ಲದೆ, ಇಪ್ಪತ್ನಾಲ್ಕು ಗಂಟೆಯೂ ಸುದ್ದಿಯನ್ನೇ ಓದುವ ರೇಡಿಯೊ ಕೇಂದ್ರಗಳು ಎರಡಿದ್ದವು. ಅವುಗಳಲ್ಲಿ ಡಬ್ಲ್ಯುಸಿಬಿಎಸ್ 880 ಎಂಬುದು 2024ರ ಆಗಸ್ಟ್ 26ರಂದು ಸುದ್ದಿ ಬಿಟ್ಟು ಕ್ರೀಡೆಗೆ ತಿರುಗಿತು. ಉಳಿದದ್ದು 1010 ವಿನ್ಸ್ ಒಂದೇ. ‘ಒಳ್ಳೆಯದು ಹೋಯಿತು, ಗಡಿಬಿಡಿಯದು ಉಳಿಯಿತು’ ಎಂದು ಯಾರೋ, ‘ಸದ್ಯ, ಇದಾದರೂ ಉಳಿಯಿತಲ್ಲ’ ಎಂದು ಇನ್ಯಾರೋ, ನಮ್ಮ ಕನ್ನಡ ಕೂಟದ ಬಿಸಿಬೇಳೆಬಾತಿನ ಸಾಲಿನಲ್ಲಿ ಹತ್ತಿಕೊಂಡ ವಾದ ಮೊಸರನ್ನದವರೆಗೂ ಮುಗಿಯಲಿಲ್ಲ. ಇಬ್ಬರಿಗೆ ಬರೆದುಕೊಡಿ ಎಂದೆವು. ಒಬ್ಬರು ತಾವಾಗಿಯೇ ಮುಂದೆ ಬಂದರು. ಇನ್ನೊಬ್ಬರನ್ನು ಹಿಡಿದು ತರಬೇಕಾಯಿತು.

ಪರ: ಕೆಲಸಕ್ಕೆ ಬರುವ ಸುದ್ದಿಯೇ ಸುದ್ದಿ
(ನ್ಯೂಜೆರ್ಸಿಯ ಎಡಿಸನ್ ಊರಿನ ನಿವೃತ್ತ ಎಂಜಿನಿಯರ್)

ನಮ್ಮಪ್ಪ ತಿಪಟೂರಿನಲ್ಲಿ ಮೇಷ್ಟ್ರು. ಬೆಳಿಗ್ಗೆ ದೆಹಲಿಯಿಂದ ಕನ್ನಡ ವಾರ್ತೆ ಬರುವ ಹೊತ್ತಿಗೆ ಮನೆಯಲ್ಲಿ ಯಾರೂ ಸೌಟಿನ ಸದ್ದು ಮಾಡುವ ಹಾಗಿರಲಿಲ್ಲ. ವಾರ್ತೆ ಮುಗಿದರೆ ಮುಗಿಯಿತು. ರೇಡಿಯೊ ಆರಿಸಿ, ಅದರ ಮೇಲೆ ಅಮ್ಮ ಹೆಣೆದ ಕ್ರೋಶಾ ಬಟ್ಟೆ ಹೊದಿಸಿ, ಸ್ಕೂಲಿಗೆ ಹೊರಡುತ್ತಿದ್ದರು. ಆ ಕೆಲವೇ ನಿಮಿಷದ ಬಂಡವಾಳದ ಮೇಲೆ ನಮ್ಮ ಬೀದಿಗೆಲ್ಲ ದಿನವಿಡೀ ಅವರೇ ಸುದ್ದಿಗಾರ. ಸುದ್ದಿ ಚಿಕ್ಕದಾಗಿದ್ದರೆ ಕಳಪೆ ಎಂದು ಅವರೆದುರು ಯಾರಾದರೂ ಹೇಳಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ನಾನು ಇಲ್ಲಿಗೆ ಬಂದದ್ದು 1988ರಲ್ಲಿ. ಹಳೆಯ ಟೊಯೋಟಾ ಕೊಂಡ ದಿನವೇ ರೇಡಿಯೊದ ಮೊದಲ ಗುಂಡಿಗೆ 1010 ಕೂರಿಸಿದೆ. ಹಿನ್ನೆಲೆಯಲ್ಲಿ ಟೆಲಿಪ್ರಿಂಟರ್ ಟಕಟಕ ಎನ್ನುತ್ತಿತ್ತು. ಯಾವುದೋ ಪತ್ರಿಕಾ ಕಚೇರಿಯ ಬಾಗಿಲು ತೆರೆದು ಒಳಗೆ ಇಣುಕಿದ ಹಾಗೆ. ಈ ಕೇಂದ್ರ 1965ರ ಏಪ್ರಿಲ್ 19ರವರೆಗೆ ರಾಕ್ ಅಂಡ್ ರೋಲ್ ಹಾಡು ಹಾಕುತ್ತಿತ್ತಂತೆ. ಅವತ್ತಿನಿಂದ ಬರೀ ಸುದ್ದಿ. ‘ನೀವು ನಮಗೆ 22 ನಿಮಿಷ ಕೊಡಿ, ನಾವು ನಿಮಗೆ ಜಗತ್ತು ಕೊಡುತ್ತೇವೆ’ ಎಂಬ ಅದರ ಘೋಷವಾಕ್ಯ ದಶಕಗಳ ಕಾಲ ಈ ಊರಿನ ಮಕ್ಕಳಿಗೂ ಬಾಯಿಪಾಠ.

ಇಪ್ಪತ್ತೆರಡೇ ನಿಮಿಷದಲ್ಲಿ ಜಗತ್ತು ಹೇಗೆ ಬಂದೀತು ಎಂದು ಮೂಗು ಮುರಿಯುವವರಿದ್ದಾರೆ. ಹೇಳಿದ್ದನ್ನೇ ಹೇಳುತ್ತಾರೆ ಎನ್ನುವುದು ಅವರ ದೊಡ್ಡ ದೂರು. ಸ್ವಾಮಿ, ಬಸ್ಸಿನಲ್ಲಿ ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ ‘ಟಿಕೆಟ್, ಟಿಕೆಟ್’ ಎಂದು ಕೂಗುತ್ತಾನೆ. ಮೊದಲ ಸ್ಟಾಪಿನಲ್ಲಿ ಹತ್ತಿದವನಿಗೆ ಬೇಜಾರಾಗುತ್ತದೆ ಎಂದು ಸುಮ್ಮನಿರುತ್ತಾನೆಯೇ? ಸುದ್ದಿ ರೇಡಿಯೊ ಅಂಥದ್ದೇ ಬಸ್ಸು. ಒಬ್ಬ ಆರೂ ಹತ್ತಕ್ಕೆ ಹತ್ತುತ್ತಾನೆ, ಇನ್ನೊಬ್ಬ ಏಳಕ್ಕೆ. ಗಂಟೆಯ 1, 11, 21, 31ನೇ ನಿಮಿಷ ಹೀಗೆ ಹತ್ತು ನಿಮಿಷಕ್ಕೊಮ್ಮೆ ಟ್ರಾಫಿಕ್. 880ರವರು ಇದ್ದಾಗ ಅವರದು 8ನೇ ನಿಮಿಷದ ಲೆಕ್ಕ: 8, 18, 28. ಜಾರ್ಜ್ ವಾಷಿಂಗ್ಟನ್ ಸೇತುವೆಯ ಮೇಲಿನ ಹಾದಿಯೋ ಕೆಳಗಿನದೋ ಎಂದು ತೀರ್ಮಾನಿಸಬೇಕಾದವನಿಗೆ ಎರಡೂ ಸೇರಿ ಎಂಥ ಅನುಕೂಲ! ಈಗ ಫೋನಿನ ಮ್ಯಾಪ್ ಇದೆಯಲ್ಲ ಎನ್ನುತ್ತಾರೆ. ಇದೆ. ಎಲ್ಲರನ್ನೂ ಒಂದೇ ಗಲ್ಲಿಗೆ ನುಗ್ಗಿಸಿ ಅಲ್ಲೊಂದು ಹೊಸ ಜಾಮ್ ಮಾಡಿಸುವುದಕ್ಕೆ ಇದೆ.

ಇನ್ನು ಗುಣಮಟ್ಟ. ಗುಣಮಟ್ಟ ಎಂದರೆ ಮೆಲುದನಿಯಲ್ಲಿ ಒಂದು ಗಂಟೆ ಆಲಿವ್ ಎಣ್ಣೆಯ ಇತಿಹಾಸ ಹೇಳುವುದು ಎಂದುಕೊಂಡವರಿಗೆ ಸಾರ್ವಜನಿಕ ರೇಡಿಯೊ ಇದೆ, ಚಂದಾ ಕಟ್ಟಿ ಕೇಳಿಕೊಳ್ಳಲಿ. ನನ್ನ ಲೆಕ್ಕದಲ್ಲಿ ಗುಣಮಟ್ಟ ಎಂದರೆ ಬೇಕಾದ ಹೊತ್ತಿಗೆ ಬಾಯಿ ಬಿಡುವುದು. ಈ ಕೇಂದ್ರದ ಟವರುಗಳು ಇರುವುದು ನ್ಯೂಜೆರ್ಸಿಯ ಲಿಂಡ್‌ಹರ್ಸ್ಟ್‌ನಲ್ಲಿ, ಜೌಗು ನೆಲದ ಮೇಲೆ. ಎಎಂ, ಅಂದರೆ ನಮ್ಮ ಹಳೆಯ ಮೀಡಿಯಂ ವೇವ್, ತರಂಗಗಳಿಗೆ ಉಪ್ಪುನೀರಿನ ಕೆಸರು ನೆಲ ಎಂದರೆ ಹಬ್ಬ. ನೆಲವೇ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಐವತ್ತು ಸಾವಿರ ವಾಟ್. 2001ರ ಸೆಪ್ಟೆಂಬರ್ 11ರಂದು ಅವಳಿ ಗೋಪುರದ ಉತ್ತರದ್ದು ಕುಸಿದಾಗ ಅದರ ನೆತ್ತಿಯ ಆಂಟೆನಾ ನಂಬಿಕೊಂಡಿದ್ದ ಹಲವು ಟಿವಿ, ಎಫ್‌ಎಂ ಕೇಂದ್ರಗಳ ಪ್ರಸಾರವೂ ಕೂಡಲೇ ಕಡಿಯಿತು. ಕೇಬಲ್ ಇಲ್ಲದ ಮನೆಗಳಲ್ಲಿ ಎಷ್ಟೋ ಚಾನೆಲ್ಲುಗಳ ಪರದೆ ಖಾಲಿ. ಜೌಗಿನಲ್ಲಿ ನಿಂತ ಎಎಂ ಟವರುಗಳಿಗೆ ಏನೂ ಆಗಲಿಲ್ಲ. (ಟವರಿಗೂ ಗ್ರಹಚಾರ ಇರುತ್ತದೆ ಬಿಡಿ. 1967ರಲ್ಲಿ ಡಬ್ಲ್ಯುಸಿಬಿಎಸ್ ಪೂರ್ತಿ ಸುದ್ದಿಗೆ ತಿರುಗುವ ಹಿಂದಿನ ದಿನವೇ ಒಂದು ಪುಟ್ಟ ವಿಮಾನ ಬಂದು ಅದರ ಟವರನ್ನು ಉರುಳಿಸಿತು. ಮೊದಲ ದಿನದ ಸುದ್ದಿ ಎಫ್‌ಎಂನಲ್ಲಿ ಓದಬೇಕಾಯಿತು.)

ನನ್ನ ಮಟ್ಟಿಗೆ ಈ ಚರ್ಚೆ 2003ರ ಆಗಸ್ಟ್ 14ರಂದೇ ಮುಗಿದಿದೆ. ಸಂಜೆ ನಾಲ್ಕು ಹತ್ತರ ಸುಮಾರಿಗೆ ಆಫೀಸಿನ ಕಂಪ್ಯೂಟರುಗಳೆಲ್ಲ ಒಟ್ಟಿಗೆ ಆರಿದವು. ಇಪ್ಪತ್ತೊಂದನೇ ಮಹಡಿ. ಕತ್ತಲ ಮೆಟ್ಟಿಲಲ್ಲಿ ಮುಂದಿನವರ ಹೆಗಲು ಹಿಡಿದು ಇಳಿದೆವು. ಯಾರೂ ಮಾತಾಡಲಿಲ್ಲ. ಎಲ್ಲರ ತಲೆಯಲ್ಲೂ ಎರಡು ವರ್ಷದ ಹಿಂದಿನದೇ. ಕೆಳಗೆ ಬಂದರೆ ಬೀದಿ ತುಂಬ ಜನ, ಸಿಗ್ನಲ್ ಇಲ್ಲ, ಫೋನು ಹತ್ತುವುದಿಲ್ಲ, ಸಬ್‌ವೇ ನಿಂತಿದೆ. ಎಂಟನೇ ಅವೆನ್ಯೂ ಹತ್ತಿರ ಯೆಮನ್ ದೇಶದವನೊಬ್ಬನ ಪುಟ್ಟ ಅಂಗಡಿ. ಬೆಳಗಿನ ಕಾಫಿ ಅವನದೇ. ಅವನು ಹಾಲಿನ ಕ್ರೇಟೊಂದನ್ನು ಬೋರಲು ಹಾಕಿ ಅದರ ಮೇಲೆ ಬ್ಯಾಟರಿ ರೇಡಿಯೊ ಇಟ್ಟಿದ್ದ. ಸುತ್ತ ನಲವತ್ತು ಜನ. ಟೈ ಕಟ್ಟಿದವರು, ಮೂಟೆ ಹೊರುವವರು, ಗಾಲಿಕುರ್ಚಿಯ ಮೇಲೊಬ್ಬ ಅಜ್ಜಿ. ಹೊಸದಾಗಿ ಬಂದವರು ‘ಏನಂತೆ?’ ಎಂದರೆ ಮುಂದಿದ್ದವರು ಹಿಂದಕ್ಕೆ ಹೇಳುತ್ತಿದ್ದರು. ನಮ್ಮ ಬೀದಿ, ನಮ್ಮಪ್ಪ, ನೆನಪಾದರು.

ಭಯೋತ್ಪಾದಕರ ಕೈವಾಡದ ಸುಳಿವಿಲ್ಲ ಎಂದು ರೇಡಿಯೊ ಹೇಳಿತು. ಆ ಗುಂಪಿನಿಂದ ಹೊರಟ ಉಸಿರು ಇವತ್ತಿಗೂ ಕಿವಿಯಲ್ಲಿದೆ. ಆಮೇಲೆ ಹಡ್ಸನ್ ದಾಟಿಸುವ ದೋಣಿಗಳು ಓಡುತ್ತಿವೆ ಎಂದಿತು. ನಾನು ಪಶ್ಚಿಮಕ್ಕೆ ಕಾಲು ಹಾಕಿದೆ. ಹೊರಡುವಾಗ ಅಂಗಡಿಯವನು ಕೈಗೊಂದು ಐಸ್‌ಕ್ರೀಮ್ ತುರುಕಿ ‘ತಗೋ, ಹೇಗೂ ಕರಗುತ್ತೆ’ ಎಂದ. ದೋಣಿ ಸಿಗುವಷ್ಟರಲ್ಲಿ ಕತ್ತಲಾಗಿತ್ತು. ಹುಣ್ಣಿಮೆ ಕಳೆದು ಎರಡು ದಿನ. ನದಿ ನಡುವಿನಿಂದ ತಿರುಗಿ ನೋಡಿದರೆ ಮ್ಯಾನ್‌ಹಟನ್ ಕಪ್ಪು ಗುಡ್ಡದಂತೆ, ಮೇಲೆ ನಕ್ಷತ್ರ. ಮನೆ ಮುಟ್ಟಿದ್ದು ರಾತ್ರಿ ಹನ್ನೊಂದೂವರೆಗೆ. ಎಡಿಸನ್‌ನಲ್ಲಿ ಕರೆಂಟ್ ಹೋಗಿರಲೇ ಇಲ್ಲ. ನಮ್ಮವಳು ಟಿವಿ ಮುಂದೆ ಕೂತು ನನಗಿಂತ ಹೆಚ್ಚು ಹೆದರಿದ್ದಳು.

ಜಾಹೀರಾತು ಜಾಸ್ತಿ ಎಂಬ ಮಾತಿಗೆ ಉತ್ತರ ಕೊಡಬೇಕಂತೆ. ಪತ್ರಿಕೆಯಲ್ಲಿ ಇಲ್ಲವೇ? ಮುಂದಕ್ಕೆ ಹೋಗೋಣ.

ನಮ್ಮ ದೇಶದಲ್ಲಿ ಖಾಸಗಿ ಎಫ್‌ಎಂನವರು ಸ್ವಂತ ಸುದ್ದಿ ಓದುವ ಹಾಗಿಲ್ಲ, ಆಕಾಶವಾಣಿಯದನ್ನು ಇದ್ದ ಹಾಗೇ ಹಾಕಬಹುದು ಎಂಬುದೇ ನಿಯಮ. ಗಂಟೆಗೆ ಹತ್ತು ನಿಮಿಷವಾದರೂ ಬಿಡಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2023ರಲ್ಲಿ ಶಿಫಾರಸು ಮಾಡಿತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಕೊಂಡವನನ್ನು ಕೇಳಿ, ಹತ್ತು ನಿಮಿಷಕ್ಕೊಮ್ಮೆ ದಾರಿ ಹೇಳುವ ದನಿಯೊಂದು ಕನ್ನಡದಲ್ಲಿ ಬೇಕೋ ಬೇಡವೋ ಎಂದು. ಇಲ್ಲಿ ಇರುವುದನ್ನು ನಾವು ಕೊಂಕು ತೆಗೆದು ಕೊಲ್ಲುತ್ತಿದ್ದೇವೆ. ನನ್ನ ಮಗನ ಎಲೆಕ್ಟ್ರಿಕ್ ಕಾರಿನಲ್ಲಿ ಎಎಂ ಇಲ್ಲವೇ ಇಲ್ಲ. ವಿನ್ಸ್ 2022ರಿಂದ ಎಫ್‌ಎಂ 92.3ರಲ್ಲೂ ಬರುತ್ತದೆ ಎಂಬ ಕಾರಣಕ್ಕೆ ನಾನು ಆ ಕಾರು ಹತ್ತುತ್ತೇನೆ.

ವಿರೋಧ: ಏನಾಯಿತು ಗೊತ್ತು, ಯಾಕಾಯಿತು?
(ಜೆರ್ಸಿ ಸಿಟಿಯ ಡೇಟಾ ಅನಲಿಸ್ಟ್)

ಮೊದಲೇ ಹೇಳಿಬಿಡುತ್ತೇನೆ, ಈ ಪಕ್ಷ ನಾನು ಆರಿಸಿಕೊಂಡದ್ದಲ್ಲ. ಊಟದ ಸಾಲಿನಲ್ಲಿ ‘ಅಂಕಲ್, ಅದರಲ್ಲಿ ಜಾಹೀರಾತಿನ ನಡುವೆ ಸುದ್ದಿ ಹುಡುಕಬೇಕು’ ಎಂದು ತಮಾಷೆ ಮಾಡಿದ್ದೇ ತಪ್ಪಾಯಿತು. ಅಂಕಲ್ ಬರೆದದ್ದನ್ನು ಸಂಪಾದಕರು ಮೊದಲೇ ಕಳಿಸಿದ್ದರು. ಕಪ್ಪು ಗುಡ್ಡದ ಹತ್ತಿರ ಬಂದಾಗ ನನಗೂ ಗಂಟಲು ಕಟ್ಟಿತು. ಆದರೂ ಒಪ್ಪಿಕೊಂಡ ಮೇಲೆ ಬರೆಯಲೇಬೇಕಲ್ಲ.

ಸೆಪ್ಟೆಂಬರ್ 11ರ ವಿಷಯಕ್ಕೆ ನಾನು ಹೋಗುವುದಿಲ್ಲ. ಆಗ ನಾನು ಮೈಸೂರಿನಲ್ಲಿ ನಾಲ್ಕನೇ ಕ್ಲಾಸು.

ಹತ್ತು ನಿಮಿಷಕ್ಕೊಮ್ಮೆ ಟ್ರಾಫಿಕ್ ಎಂದರೆ ಗಂಟೆಗೆ ಆರು, ದಿನಕ್ಕೆ 144 ಸಲ. ವೃತ್ತಿಯ ದೋಷ, ಲೆಕ್ಕ ಹಾಕದೆ ಇರಲಾಗುವುದಿಲ್ಲ. ಅದೇ ಸೇತುವೆ, ಅದೇ ಸುರಂಗ, ಅದೇ ‘ಇಪ್ಪತ್ತು ನಿಮಿಷ ಕಾಯಬೇಕು’. ನಾನು ನ್ಯೂಜೆರ್ಸಿಯಿಂದ ಮ್ಯಾನ್‌ಹಟನ್‌ಗೆ ಹೋಗುವ ಪಾತ್ ರೈಲಿನಲ್ಲಿ ಓಡಾಡುವವಳು. ಆ 144ರಲ್ಲಿ ನನ್ನ ಪಾಲು ‘ರೈಲುಗಳು ವೇಳೆಗೆ ಸರಿಯಾಗಿ ಓಡುತ್ತಿವೆ’ ಎಂಬ ಅರ್ಧ ವಾಕ್ಯ. ಸಿಲ್ಕ್ ಬೋರ್ಡಿನಲ್ಲಿ ಟ್ರಾಫಿಕ್ ಇದೆ ಎನ್ನುವುದು ಸುದ್ದಿಯೇ, ಅಂಕಲ್? ಇಲ್ಲ ಎಂದರೆ ಸುದ್ದಿ.

ಕಂಡಕ್ಟರಿನ ಹೋಲಿಕೆ ಚೆನ್ನಾಗಿದೆ. ಆದರೆ ಕಂಡಕ್ಟರ್ ಪ್ರತಿ ಸ್ಟಾಪಿನಲ್ಲೂ ಕೂಗುವುದು ಕಾಸಿಗೆ. ಇವರೂ ಕಾಸಿಗೇ. ಹೊಸ ಕಿವಿ ಬಂದಷ್ಟೂ ಅದೇ ಜಾಹೀರಾತನ್ನು ಮತ್ತೆ ಮಾರಬಹುದು, ಹೊಸ ಸುದ್ದಿ ತರಲು ಮಾತ್ರ ವರದಿಗಾರನಿಗೆ ಸಂಬಳ ಕೊಡಬೇಕು. ‘ಪತ್ರಿಕೆಯಲ್ಲಿ ಇಲ್ಲವೇ’ ಎಂದು ಅಂಕಲ್ ಮುಂದಕ್ಕೆ ಹೋದರು. ಪತ್ರಿಕೆಯ ಪುಟ ನಾನು ತಿರುವಬಹುದು. ರೇಡಿಯೊದ ಪುಟ ಅದು ತಿರುವಿದಾಗಲೇ.

ಎರಡು ಕೇಂದ್ರ ಇದ್ದದ್ದು ಅನುಕೂಲ ಎಂದರಲ್ಲ, ಆ ಎರಡೂ ಬೇರೆ ಬೇರೆ ಮನೆಯವಾಗಿದ್ದದ್ದು 1995ರವರೆಗೆ ಮಾತ್ರ. ವಿನ್ಸ್ ಒಡೆಯರಾಗಿದ್ದ ವೆಸ್ಟಿಂಗ್‌ಹೌಸ್ ಆ ವರ್ಷ ಸಿಬಿಎಸ್ ಅನ್ನೇ ಕೊಂಡಿತು. ಅಲ್ಲಿಂದ ಈಚೆಗೆ ಅವು ಒಂದೇ ಜೇಬಿನ ಎರಡು ಕೈಚೀಲ. ಈಗಿನ ಒಡೆಯ ಆಡಸಿ ಕಂಪನಿ 2024ರ ಜನವರಿಯಲ್ಲಿ ಸಾಲದ ಹೊರೆಗೆ ದಿವಾಳಿ ರಕ್ಷಣೆ ಕೇಳಿತ್ತು. ಅದೇ ಆಗಸ್ಟ್‌ನಲ್ಲಿ ಒಂದು ಕೈಚೀಲ ಖಾಲಿಯಾಯಿತು. ಪೈಪೋಟಿ ಇಲ್ಲದ ಕಡೆ ಗುಣಮಟ್ಟಕ್ಕೆ ಯಾರು ಪಹರೆ? ಇದಕ್ಕೆ ಉತ್ತರ ನನ್ನ ಹತ್ತಿರವೂ ಇಲ್ಲ. ಕೊಂಕು ತೆಗೆಯುವವರಿಂದ ರೇಡಿಯೊ ಸಾಯುತ್ತಿದೆ ಎಂಬ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ.

ಒಂದು ತಪ್ಪೊಪ್ಪಿಗೆ. ಹಿಮ ಬೀಳುವ ಬೆಳಿಗ್ಗೆ ನಮ್ಮ ಮನೆಯಲ್ಲೂ ಇದೇ ಕೇಂದ್ರ ಹಾಡುತ್ತದೆ, ಕ್ಷಮಿಸಿ, ಓದುತ್ತದೆ. ಅತ್ತೆ ಮೈಸೂರಿನಿಂದ ಬಂದಿದ್ದಾಗ ಒಂದು ದಿನ ಅಡುಗೆಮನೆಯಲ್ಲಿ ಕೇಳಿಸಿಕೊಂಡು, ‘ಇದು ಸುದ್ದೀನಾ? ಯಾರೂ ಕೂಗಾಡ್ತಾನೇ ಇಲ್ವಲ್ಲೇ’ ಎಂದರು. ನಮ್ಮೂರಿನ ಸುದ್ದಿ ಚಾನೆಲ್ಲುಗಳ ಪಕ್ಕ ಇಟ್ಟರೆ ಇದು ದೇವರ ಮನೆ. ಅದು ಹೊಗಳಿಕೆಯೋ ಅಲ್ಲವೋ ನೀವೇ ನೋಡಿ.

ಕೊನೆಗೆ ಆ ರಾತ್ರಿಯ ಮಾತು. ಐದು ಕೋಟಿ ಜನಕ್ಕೆ ಕರೆಂಟ್ ಹೋಗಿತ್ತು. ಅವತ್ತು ಸಂಜೆ ಕೆನಡಾದ ಪ್ರಧಾನಿ ಕಚೇರಿಯವರೇ ನಯಾಗರಾ ಬಳಿ ಅಮೆರಿಕದ ಕಡೆಯ ವಿದ್ಯುತ್ ಸ್ಥಾವರಕ್ಕೆ ಸಿಡಿಲು ಬಡಿದಿದೆ ಎಂದರು. ಇಲ್ಲಿಯವರು ಇಲ್ಲ ಎಂದರು. ಕಿವಿಗೆ ಬಿದ್ದದ್ದನ್ನೆಲ್ಲ ಆ ಕ್ಷಣವೇ ಹೇಳುವವರ ಪಾಡೇ ಅಷ್ಟು: ಸಿಡಿಲೂ ಸುದ್ದಿ, ಸಿಡಿಲಿಲ್ಲ ಎನ್ನುವುದೂ ಸುದ್ದಿ. ಎರಡು ದೇಶಗಳ ಜಂಟಿ ತನಿಖೆಯ ಅಂತಿಮ ವರದಿ ಬಂದದ್ದು 2004ರ ಏಪ್ರಿಲ್‌ನಲ್ಲಿ. ಸಿಡಿಲೂ ಇರಲಿಲ್ಲ, ನಯಾಗರಾವೂ ಇರಲಿಲ್ಲ. ಓಹಿಯೋದಲ್ಲಿ ಕೊಂಬೆ ಸವರದೆ ಬಿಟ್ಟ ಮರಗಳಿಗೆ ವಿದ್ಯುತ್ ತಂತಿ ತಗುಲಿತ್ತು, ಅದನ್ನು ತಿಳಿಸಬೇಕಿದ್ದ ಕಂಟ್ರೋಲ್ ರೂಮಿನ ಅಲಾರಂ ಸಾಫ್ಟ್‌ವೇರ್ ಯಾರಿಗೂ ಗೊತ್ತಾಗದಂತೆ ಕೆಟ್ಟು ಕೂತಿತ್ತು. ಮರ ಸವರದ್ದಕ್ಕೆ ಎಂಟು ರಾಜ್ಯ, ಜೊತೆಗೆ ಕೆನಡಾದ ಒಂಟಾರಿಯೊ ಕತ್ತಲು! ಇಂಥ ಕಥೆಯನ್ನು 22 ನಿಮಿಷದ ಚಕ್ರದಲ್ಲಿ ಎಲ್ಲಿ ತೂರಿಸುವುದು? ನಲವತ್ತು ಸೆಕೆಂಡ್ ಸಿಗಬಹುದು, ಆಮೇಲೆ ಸೇತುವೆಯ ಸರದಿ.

ಅಂಕಲ್, ಜಗಳಕ್ಕಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ: ಆ ಕರೆಂಟ್ ಯಾಕೆ ಹೋಯಿತು ಎಂದು ನಿಮಗೆ ಯಾವಾಗ ಗೊತ್ತಾಯಿತು, ಎಲ್ಲಿಂದ ಗೊತ್ತಾಯಿತು?