ಪರ-ವಿರೋಧ: ಉಚಿತ ತೆರಿಗೆ ನೆರವಿನ ಚುಕ್ಕಾಣಿ ತೆರಿಗೆ ಬಲ್ಲವರ ಕೈಯಲ್ಲೇ ಇರಬೇಕೇ?

ಅಮೆರಿಕದಲ್ಲಿ ಜನವರಿ ಕೊನೆಯಿಂದ ಏಪ್ರಿಲ್ 15ರವರೆಗೆ ಲೈಬ್ರರಿ, ಚರ್ಚ್, ಕಾಲೇಜು, ಸಮುದಾಯ ಕೇಂದ್ರಗಳಲ್ಲಿ ಮಡಚುವ ಮೇಜು ಹಾಕಿಕೊಂಡು ಸ್ವಯಂಸೇವಕರು ಕೂರುತ್ತಾರೆ. ಕಡಿಮೆ ಆದಾಯದ ಕುಟುಂಬಗಳ ತೆರಿಗೆ ರಿಟರ್ನನ್ನು ಪುಕ್ಕಟೆ ತುಂಬಿಕೊಡುವುದು ಅವರ ಕೆಲಸ. ಐವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ನಡೆಯುತ್ತಿರುವ ಈ ವ್ಯವಸ್ಥೆಗೆ ವೀಟಾ ಎಂದು ಹೆಸರು. 2025ರ ಋತುವಿನಲ್ಲಿ ಇದು ಸಾಮಾನ್ಯವಾಗಿ ವರ್ಷಕ್ಕೆ 67,000 ಡಾಲರ್‌ವರೆಗೆ ಗಳಿಸುವವರಿಗೆ ಮೀಸಲಾಗಿತ್ತು. ಸಾಫ್ಟ್‌ವೇರ್, ತರಬೇತಿ ಪುಸ್ತಕ, ಪರೀಕ್ಷೆ ಎಲ್ಲ ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್‌ನದು. ಜಾಗ, ಜನ ಮತ್ತು ಉಳಿದ ಖರ್ಚು ಸ್ಥಳೀಯ ಸೇವಾಸಂಸ್ಥೆಯ ತಲೆಮೇಲೆ. ಆ ಸಂಸ್ಥೆ ತನ್ನ ತೆರಿಗೆ ಕಾರ್ಯಕ್ರಮಕ್ಕೆ ಮುಖ್ಯಸ್ಥರನ್ನು ಹುಡುಕುವಾಗಲೆಲ್ಲ ಒಂದು ಜಗಳ ಏಳುತ್ತದೆ: ತೆರಿಗೆ ಬಲ್ಲವರು ಬೇಕೋ, ಸಂಸ್ಥೆ ನಡೆಸಬಲ್ಲವರು ಬೇಕೋ?

ಪರ: ರಿಟರ್ನ್ ಓದಲು ಬಾರದವರು ಬೇಡ ಎನ್ನಬೇಕಾದ ಕಡೆ ಹೂಂ ಎನ್ನುತ್ತಾರೆ

ಈ ಮೇಜುಗಳಿಗೆ ಬರುವವರ ಪಾಲಿಗೆ ತೆರಿಗೆ ರಿಟರ್ನ್ ಎಂದರೆ ವರ್ಷದಲ್ಲಿ ಒಮ್ಮೆಗೇ ಕೈಗೆ ಬರುವ ಅತಿ ದೊಡ್ಡ ಮೊತ್ತ. ದುಡಿಯುವ ಬಡವರಿಗೆಂದು 1975ರಲ್ಲಿ ಶುರುವಾದ ಗಳಿಕೆ ಆದಾಯ ಕ್ರೆಡಿಟ್ ಒಂದೇ, 2025ರ ಆದಾಯಕ್ಕೆ, ಮೂರು ಅಥವಾ ಹೆಚ್ಚು ಮಕ್ಕಳಿದ್ದರೆ 8,046 ಡಾಲರ್‌ವರೆಗೆ ಕೊಡುತ್ತದೆ. ಮಕ್ಕಳಿಲ್ಲದವರಿಗೆ ಗರಿಷ್ಠ 649. ಮಗು ಅರ್ಧ ವರ್ಷಕ್ಕಿಂತ ಹೆಚ್ಚು ಯಾರ ಮನೆಯಲ್ಲಿತ್ತು ಎಂಬ ಒಂದೇ ಪ್ರಶ್ನೆಯ ಮೇಲೆ ಸಾವಿರಾರು ಡಾಲರ್ ಅತ್ತಿತ್ತ ಆಗುತ್ತದೆ. ನಿಯಮವನ್ನು ಲೆಕ್ಕಿಸದೆ ಕ್ರೆಡಿಟ್ ಕೇಳಿದ್ದಾರೆಂದು ಐಆರ್‌ಎಸ್ ತೀರ್ಮಾನಿಸಿದರೆ ಎರಡು ವರ್ಷ ಕ್ರೆಡಿಟ್ ಬಂದ್, ಮೋಸ ಎಂದಾದರೆ ಹತ್ತು ವರ್ಷ. ಆಮೇಲೆ ಮತ್ತೆ ಕೇಳಬೇಕಾದರೆ 8862 ಎಂಬ ಫಾರಂ ತುಂಬಿ ಅರ್ಹತೆ ತೋರಿಸಬೇಕು. ರಿಟರ್ನ್‌ಗೆ ಸಹಿ ಹಾಕಿದ್ದು ಕ್ರೆಡಿಟ್ ಕೇಳಿದ ತಾಯಿ, ಹೊಣೆಯೂ ಅವಳದೇ. ತುಂಬಿಕೊಟ್ಟ ಸ್ವಯಂಸೇವಕ ಅಷ್ಟರಲ್ಲಿ ಮನೆ ಸೇರಿರುತ್ತಾನೆ.

ಒಂದು ಲೆಕ್ಕವನ್ನು ಹತ್ತಿರದಿಂದ ನೋಡಿ. ಒಬ್ಬಳಿಗೆ ಹಗಲು ವೃದ್ಧರ ಆರೈಕೆ, ಸಂಜೆ ಕಾರಿನಲ್ಲಿ ಊಟ ತಲುಪಿಸುವ ಕೆಲಸ. ಎರಡನೆಯದಕ್ಕೆ ಬಂದದ್ದು, ಸಂಬಳವಲ್ಲದ ಗಳಿಕೆ ತೋರಿಸುವ ಒಂದು 1099 ಚೀಟಿ, ಮೊತ್ತ 9,000 ಡಾಲರ್. ಹೊಸ ಸ್ವಯಂಸೇವಕ ಅದನ್ನು ಹಾಗೇ ತುಂಬಿ ಮುಂದಕ್ಕೆ ಹೋಗುತ್ತಾನೆ. ‘ಎಷ್ಟು ಮೈಲಿ ಓಡಿಸಿದಿರಿ, ಬರೆದಿಟ್ಟಿದ್ದೀರಾ?’ ಎಂದು ಕೇಳುವುದೇ ಇಲ್ಲ. 4,000 ಮೈಲಿ ಎಂದಿಟ್ಟುಕೊಳ್ಳಿ. 2025ರ ದರ ಮೈಲಿಗೆ 70 ಸೆಂಟ್, ಅಂದರೆ 2,800 ಡಾಲರ್ ಖರ್ಚು. ಇದನ್ನು ಕಳೆಯದೆ ಬಿಟ್ಟರೆ ಸ್ವಯಂ ಉದ್ಯೋಗದ ತೆರಿಗೆಯೊಂದರಲ್ಲೇ ಸುಮಾರು 395 ಡಾಲರ್ ದಂಡ ತೆತ್ತ ಹಾಗೆ. ಆದಾಯ ಏರಿದಷ್ಟೂ ಕ್ರೆಡಿಟ್ ಇಳಿಯುವ ಹಂತದಲ್ಲಿ ಅವಳಿದ್ದರೆ ಅಲ್ಲೂ ಕಡಿತ. ಇದರ ತಿರುಗುಮುರುಗು ಇನ್ನೂ ಅಪಾಯ. ಆದಾಯ ಹೆಚ್ಚು ತೋರಿಸಿದಷ್ಟೂ ಕ್ರೆಡಿಟ್ ಏರುವ ಹಂತದಲ್ಲಿರುವವರು ‘ಖರ್ಚು ಬೇಡ ಬಿಡಿ’ ಎನ್ನುತ್ತಾರೆ. ಹಾಗೆ ಬಿಡುವಂತಿಲ್ಲ. ಕ್ರೆಡಿಟ್ ಲೆಕ್ಕಕ್ಕೆ ನ್ಯಾಯವಾದ ಖರ್ಚನ್ನೆಲ್ಲ ಕಳೆಯಲೇಬೇಕು. ಇದು ಗೊತ್ತಿಲ್ಲದ ಮುಖ್ಯಸ್ಥರು ‘ಗ್ರಾಹಕರ ಇಷ್ಟ’ ಎಂದು ಸುಮ್ಮನಾಗುತ್ತಾರೆ.

2025ರ ಜುಲೈನಲ್ಲಿ ಬಂದ ಕಾನೂನು ಇನ್ನೊಂದು ಬಲೆ. ಓವರ್‌ಟೈಮ್ ಮೇಲೆ ತೆರಿಗೆ ಇಲ್ಲ ಎಂದು ಊರೆಲ್ಲ ಸುದ್ದಿ. ಗಂಟೆಗೆ 20 ಡಾಲರ್ ಕೂಲಿಯವನಿಗೆ ಓವರ್‌ಟೈಮ್‌ನಲ್ಲಿ 30 ಸಿಕ್ಕರೆ ಕಳೆಯಬಹುದಾದದ್ದು ಹೆಚ್ಚುವರಿಯಾದ 10 ಮಾತ್ರ. ಸಂಬಳದ ಚೀಟಿಯಲ್ಲಿ ಒಂದೂವರೆ ಪಟ್ಟಿನ ಓವರ್‌ಟೈಮ್ ಒಟ್ಟು 3,000 ಎಂದಿದ್ದರೆ ಮೂರರಿಂದ ಭಾಗಿಸಿ 1,000 ಬರೆಯಬೇಕು. 2025 ಮೊದಲ ವರ್ಷವಾದ್ದರಿಂದ, ವರ್ಷದ ಸಂಬಳ ತೋರಿಸುವ ಡಬ್ಲ್ಯು-2 ಫಾರಂನಲ್ಲಿ ಇದನ್ನು ಬೇರೆಯಾಗಿ ತೋರಿಸಲೇಬೇಕೆಂಬ ನಿಯಮವೂ ಮಾಲೀಕರಿಗೆ ಇರಲಿಲ್ಲ. ತರಬೇತಿಯಲ್ಲಿ ಇದಕ್ಕೆ ಎಷ್ಟು ಹೊತ್ತು ಕೊಡಬೇಕು, ಯಾವ ಚೀಟಿ ತರಲು ಜನರಿಗೆ ಮೊದಲೇ ಹೇಳಬೇಕು ಎಂಬ ನಿರ್ಧಾರ ನವೆಂಬರ್‌ನಲ್ಲೇ ಆಗಬೇಕು. ಆ ನಿರ್ಧಾರ ಮಾಡುವವರಿಗೆ ಭಾಗಿಸುವುದು ಯಾಕೆಂದೇ ಗೊತ್ತಿರದಿದ್ದರೆ?

ನಮ್ಮವರಿಗೆ ನೇರ ತಟ್ಟುವ ಉದಾಹರಣೆಯೂ ಇದೆ. ಎಫ್-1 ವೀಸಾದಲ್ಲಿ ಓದಲು ಹೋದ ಹುಬ್ಬಳ್ಳಿಯದೋ ಮೈಸೂರಿನದೋ ಹುಡುಗ ಮೊದಲ ಐದು ಕ್ಯಾಲೆಂಡರ್ ವರ್ಷ ಸಾಮಾನ್ಯವಾಗಿ ತೆರಿಗೆಯ ಮಟ್ಟಿಗೆ ಅನಿವಾಸಿ. ತುಂಬಬೇಕಾದ್ದು ಅನಿವಾಸಿಗಳ ರಿಟರ್ನ್ ಫಾರಂ ಆದ 1040-ಎನ್‌ಆರ್. ಅನಿವಾಸಿಗಳಿಗೆ ಸಿಗದ ಸ್ಟ್ಯಾಂಡರ್ಡ್ ಡಿಡಕ್ಷನ್ ಭಾರತದ ವಿದ್ಯಾರ್ಥಿಗಳಿಗೆ ಮಾತ್ರ ಎರಡು ದೇಶಗಳ ಒಪ್ಪಂದದ 21ನೇ ವಿಧಿಯಿಂದ ಸಿಗುತ್ತದೆ. ಇದಕ್ಕೆ ವೀಟಾದಲ್ಲಿ ಪ್ರತ್ಯೇಕ ಪರೀಕ್ಷೆ ಇದೆ. ಅದನ್ನು ಪಾಸಾಗದ ಮೇಜಿನಲ್ಲಿ ನಿವಾಸಿಗಳ ಸಾಧಾರಣ ಫಾರಂ 1040 ತುಂಬಿ, ಮೇಲೆ ಶಿಕ್ಷಣ ಕ್ರೆಡಿಟ್ 1,000 ಡಾಲರ್ ಸೇರಿಸಿ ಕಳಿಸಿದರೆ ಹುಡುಗನಿಗೆ ಖುಷಿ. ಹಣ ಬಡ್ಡಿ ಸಮೇತ ವಾಪಸ್ ಕೊಡುವ ದಿನ ಆ ಖುಷಿ ಇರುವುದಿಲ್ಲ.

ಇನ್ನು ದಾನಿಗಳ ಮಾತು. ಅವರು ಕೇಳುವುದು ‘ಎಷ್ಟು ರಿಟರ್ನ್?’ ಎಂದು. ಮನೆ ಬಾಡಿಗೆ ಆದಾಯ, ನಷ್ಟದಲ್ಲಿರುವ ಸ್ವಂತ ವ್ಯವಹಾರ, 35,000 ಡಾಲರ್ ಮೀರಿದ ವ್ಯಾಪಾರದ ಖರ್ಚು ಇವೆಲ್ಲ ಸಾಮಾನ್ಯವಾಗಿ ವೀಟಾದ ವ್ಯಾಪ್ತಿಯ ಹೊರಗೆ. ಮೂರು ತಾಸು ಕಾದ ಮನುಷ್ಯನಿಗೆ ‘ಇದು ಇಲ್ಲಿ ಆಗುವುದಿಲ್ಲ’ ಎನ್ನುವುದು ಕಷ್ಟ. ಸಂಖ್ಯೆಯ ಒತ್ತಡದಲ್ಲಿ ಇನ್ನೂ ಕಷ್ಟ. ತೆರಿಗೆ ಬಲ್ಲ ಮುಖ್ಯಸ್ಥರು ದಾನಿಗಳ ಮುಂದೆ ಕೂತು, ಈ ಮೂವತ್ತು ಜನರನ್ನು ಯಾಕೆ ವಾಪಸ್ ಕಳಿಸಿದೆವು ಎಂದು ವಿವರಿಸಬಲ್ಲರು. ಬಾರದವರು ಮೇಜುಗಳನ್ನು ನೋಡಿಕೊಳ್ಳುವ ಸಂಯೋಜಕರ ಕಡೆ ತಿರುಗಿ ‘ಏನಾದರೂ ಮಾಡಿ ಮುಗಿಸಿ’ ಎನ್ನುತ್ತಾರೆ.

ವಿರೋಧ: ಕೆಟ್ಟದ್ದು ಫಾರಂನಲ್ಲಲ್ಲ, ಸಾಲಿನಲ್ಲಿ

ತೆರಿಗೆಯ ಜ್ಞಾನ ಬೇಡ ಎಂದು ಯಾರೂ ಹೇಳುತ್ತಿಲ್ಲ. ಅದು ಯಾವ ಕುರ್ಚಿಯಲ್ಲಿ ಇರಬೇಕು ಎಂಬುದಷ್ಟೇ ಪ್ರಶ್ನೆ.

ಮೇಲೆ ಹೇಳಿದ ಮೈಲಿ ಲೆಕ್ಕ, ಓವರ್‌ಟೈಮ್ ಭಾಗಾಕಾರ ಎಲ್ಲ ನಿಜ. ಆದರೆ ಅವುಗಳನ್ನು ಹಿಡಿಯಬೇಕಾದ್ದು ಮುಖ್ಯಸ್ಥರಲ್ಲ. ವೀಟಾ ವ್ಯವಸ್ಥೆಯನ್ನು ಕಟ್ಟಿರುವುದೇ ಒಬ್ಬರ ಬುದ್ಧಿಯ ಮೇಲೆ ನಿಲ್ಲದ ಹಾಗೆ. ಮೊದಲು ಪರೀಕ್ಷೆ: ಪುಸ್ತಕ ತೆರೆದಿಟ್ಟು ಬರೆಯಬಹುದು, ನೂರಕ್ಕೆ 80 ಬೇಕು. ಆಮೇಲೆ 13614-ಸಿ ಎಂಬ ಪ್ರಶ್ನಾವಳಿ. ಬಂದವರು ತುಂಬಿದ್ದನ್ನು ಎದುರು ಕೂತು ಒಂದೊಂದಾಗಿ ಕೇಳಿ ಖಚಿತಪಡಿಸಿಕೊಳ್ಳಬೇಕು. ಕೊನೆಗೆ ರಿಟರ್ನ್ ತುಂಬಿದವರಲ್ಲದ ಇನ್ನೊಬ್ಬರು, ಅದೇ ಮಟ್ಟದ ಪರೀಕ್ಷೆ ಪಾಸಾದವರು, ತೆರಿಗೆದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ತಪಾಸಣೆ ಮಾಡಬೇಕು. ಮೈಲಿ ಕೇಳದೆ ಬಿಟ್ಟಿದ್ದರೆ ಇಲ್ಲಿ ಸಿಗುತ್ತದೆ. ಸಿಗದಿದ್ದರೆ ತಪಾಸಣೆ ಆಗಿಲ್ಲ ಎಂದರ್ಥ. ಯಾಕೆ ಆಗಿಲ್ಲ?

ಒಂದು ಶನಿವಾರದ ಲೆಕ್ಕ ಹಾಕಿ. ಆರು ಜನ ರಿಟರ್ನ್ ತುಂಬುವವರು, ಒಬ್ಬರಿಗೆ ತಾಸಿಗೊಂದು. ತಪಾಸಣೆಗೆ ಒಬ್ಬರು, ಒಂದಕ್ಕೆ 20 ನಿಮಿಷ. ಒಂಬತ್ತಕ್ಕೆ ಬಾಗಿಲು ತೆರೆದರೆ ಮಧ್ಯಾಹ್ನ ಒಂದರ ಹೊತ್ತಿಗೆ 24 ರಿಟರ್ನ್ ತಯಾರು. ತಪಾಸಣೆ ಶುರುವಾದದ್ದೇ ಹತ್ತಕ್ಕೆ, ಮುಗಿದದ್ದು 9. ಬಾಕಿ 15, ಅಂದರೆ ಇನ್ನೂ ಐದು ತಾಸಿನ ಕೆಲಸ. ಮಕ್ಕಳು ಅಳುತ್ತಿವೆ, ಒಬ್ಬಳಿಗೆ ಎರಡಕ್ಕೆ ಪಾಳಿ ಇದೆ, ಲೈಬ್ರರಿಯವರು ಬೀಗದಕೈ ಗೊಂಚಲು ಹಿಡಿದು ನಿಂತಿದ್ದಾರೆ. ಆಗ ಏನಾಗುತ್ತದೆ? ತಪಾಸಕರು ಹೆಸರು, ಸೋಶಿಯಲ್ ಸೆಕ್ಯುರಿಟಿ ನಂಬರ್, ಬ್ಯಾಂಕ್ ಖಾತೆ ನೋಡಿ ‘ಸರಿ ಇದೆ’ ಎನ್ನುತ್ತಾರೆ. ಎಷ್ಟೇ ದೊಡ್ಡ ತೆರಿಗೆ ಪಂಡಿತರಾದರೂ ಆ ಕುರ್ಚಿಯಲ್ಲಿ ಹಾಗೇ ಮಾಡುತ್ತಾರೆ. ಒಬ್ಬರನ್ನು ತುಂಬುವ ಮೇಜಿನಿಂದ ಎಬ್ಬಿಸಿ ತಪಾಸಣೆಗೆ ಕೂರಿಸಿ: ತಾಸಿಗೆ ಐದು ತಯಾರಿ, ಆರು ತಪಾಸಣೆ. ಸಾಲು ಕಟ್ಟುವುದೇ ಇಲ್ಲ. ಇದು ತೆರಿಗೆಯ ಜ್ಞಾನವಲ್ಲ, ಮದುವೆ ಊಟದ ಪಂಕ್ತಿ ನಡೆಸುವವರ ಜ್ಞಾನ. ಮುಖ್ಯಸ್ಥರಲ್ಲಿ ಇರಬೇಕಾದ್ದು ಅದೇ.

ಬಾಗಿಲಲ್ಲೇ ಕೈತಪ್ಪುವವರ ಮಾತು ಬೇರೆ. ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಮನೆಯಲ್ಲಿ ಬಿಟ್ಟು ಬಂದವರು, ಜಂಟಿ ರಿಟರ್ನ್‌ಗೆ ಗಂಡನನ್ನು ಕರೆತರದವರು, ಸರ್ಕಾರಿ ಮಾರುಕಟ್ಟೆಯಿಂದ ಆರೋಗ್ಯ ವಿಮೆ ಪಡೆದೂ ಆ ವಿಮೆಯ ವಿವರವಿರುವ 1095-ಎ ಚೀಟಿ ತರದವರು. ಈ ಕೊನೆಯದು ಇಲ್ಲದೆ ಕಳಿಸಿದ ರಿಟರ್ನನ್ನು ಐಆರ್‌ಎಸ್ ಕಂಪ್ಯೂಟರ್ ಹಿಂದಕ್ಕೆಸೆಯಬಹುದು. ಬಸ್ಸು ಹಿಡಿದು, ಅರ್ಧ ದಿನದ ಕೂಲಿ ಬಿಟ್ಟು ಬಂದವರು ವಾಪಸ್ ಹೋದರೆ ಮತ್ತೆ ಬರುವುದು ಖಾತ್ರಿಯಿಲ್ಲ. ಬೀದಿ ಮೂಲೆಯ ಅಂಗಡಿಯಲ್ಲಿ ರಿಫಂಡ್‌ನಿಂದಲೇ ಶುಲ್ಕ ಮುರಿದುಕೊಳ್ಳುವವರ ಹತ್ತಿರ ಹೋಗುತ್ತಾರೆ. ಗಳಿಕೆ ಆದಾಯ ಕ್ರೆಡಿಟ್‌ಗೆ ಅರ್ಹರಾದವರಲ್ಲಿ ಸುಮಾರು ಐವರಿಗೊಬ್ಬರು ಅದನ್ನು ಕೇಳುವುದೇ ಇಲ್ಲ ಎಂದು ಐಆರ್‌ಎಸ್ಸೇ ಹೇಳುತ್ತದೆ. ಅವರನ್ನು ಕರೆತರಲು ಬೇಕಾದದ್ದು ಎರಡು ದಿನ ಮೊದಲು ಅವರ ಭಾಷೆಯಲ್ಲಿ ಒಂದು ಫೋನ್, ಸಂಜೆ ಪಾಳಿಯ ಮೇಜು, ಬಸ್ ನಿಲ್ದಾಣದ ಹತ್ತಿರದ ಜಾಗ.

ಹಣಕ್ಕೆ ಬರೋಣ. ವೀಟಾ ಅನುದಾನವನ್ನು 2019ರ ಕಾನೂನು ಕಾಯಂ ಮಾಡಿತು. ಷರತ್ತು ಒಂದಕ್ಕೊಂದು: ಕೇಂದ್ರ ಸರ್ಕಾರದಿಂದ 60,000 ಡಾಲರ್ ಬೇಕೆಂದರೆ ಬೇರೆ ಮೂಲದಿಂದ ಅಷ್ಟೇ ಬೆಲೆಯದು ತೋರಿಸಬೇಕು. ಅರ್ಜಿ ಹಾಕುವ ಕಾಲ ಮೇ ತಿಂಗಳು, ಅಂದರೆ ಋತು ಮುಗಿದು ಎಲ್ಲರೂ ಸುಸ್ತಾಗಿ ಬಿದ್ದಿರುವ ಹೊತ್ತು. ಸರ್ಕಾರದ ಸ್ಯಾಮ್ ಎಂಬ ಜಾಲತಾಣದ ನೋಂದಣಿಯನ್ನು ಪ್ರತಿವರ್ಷ ನವೀಕರಿಸಬೇಕು. ಅದು ಏಪ್ರಿಲ್‌ನಲ್ಲಿ ಕಣ್ತಪ್ಪಿ ಮುಗಿದುಹೋದರೆ ಅರ್ಜಿಯೇ ನಿಲ್ಲುತ್ತದೆ. ಸಂಯೋಜಕರ ಸಂಬಳ, ತರಬೇತಿ, ತಪಾಸಣೆ ಮೂರಕ್ಕೂ ಈ ಹಣ ಬಳಸಬಹುದು ಎಂದು ಕಾನೂನೇ ಹೇಳಿದೆ. ಎಂದರೆ ತೆರಿಗೆ ಬಲ್ಲವರನ್ನು ಇಟ್ಟುಕೊಳ್ಳಲು ದಾರಿ ಇರುವುದೇ ಇಲ್ಲಿ. ಆ ಹಣ ತರುವವರು ಬೇಕು.

ತೆರಿಗೆ ಪಂಡಿತರೇ ಮುಖ್ಯಸ್ಥರಾದಾಗ ಫೆಬ್ರವರಿಯಲ್ಲಿ ಅವರು ಸಿಗುವುದು ಮೇಜಿನಲ್ಲಿ, ಕಷ್ಟದ ರಿಟರ್ನ್ ಹಿಡಿದುಕೊಂಡು. ಕೈಗೆ ರುಚಿ ಹತ್ತಿದ ಕೆಲಸ ಬಿಡುವುದು ಯಾರಿಗೂ ಕಷ್ಟ. ಅತ್ತ ಇನ್ನೊಂದು ಕೇಂದ್ರಕ್ಕೆ ಪ್ರಿಂಟರ್ ಹೋಗಿಲ್ಲ, ಮೂವರು ಸ್ವಯಂಸೇವಕರು ನಡತೆಯ ನಿಯಮಗಳ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಸಹಿ ಇಲ್ಲದೆ ಅವರು ಕೂರುವಂತೆಯೇ ಇಲ್ಲ. ಇನ್ನು ದೊಡ್ಡ ಕಂಪನಿಗಳ ಲೆಕ್ಕ ನೋಡಿ ನುರಿತ ಸಿಪಿಎಗೆ (ಅಲ್ಲಿನ ಪರವಾನಗಿ ಪಡೆದ ಲೆಕ್ಕಿಗರಿಗೆ), ಅಜ್ಜಿ ಮತ್ತು ತಾಯಿ ಒಂದೇ ಮನೆಯಲ್ಲಿದ್ದಾಗ ಮಗುವಿನ ಕ್ರೆಡಿಟ್ ಯಾರಿಗೆ ಎಂಬುದು ಗೊತ್ತಿರಲೇಬೇಕೆಂದೇನೂ ಇಲ್ಲ.

ಟೆಕ್ಸಸ್ ಕಡೆ ನೋಡಿ. ಆಸ್ಟಿನ್‌ನ ಫೌಂಡೇಶನ್ ಕಮ್ಯುನಿಟೀಸ್ ಮೂಲತಃ ಅಗ್ಗದ ವಸತಿಯ ಸಂಸ್ಥೆ. ಹ್ಯೂಸ್ಟನ್‌ನ ಬೇಕರ್‌ರಿಪ್ಲಿ ಬಡಾವಣೆಗಳ ಸಮುದಾಯ ಕೇಂದ್ರಗಳದು. ಎರಡೂ ಉಚಿತ ತೆರಿಗೆ ಕೇಂದ್ರ ನಡೆಸುತ್ತವೆ, ಮತ್ತು ತೆರಿಗೆ ಅಲ್ಲಿ ಹಲವು ಕೆಲಸಗಳಲ್ಲಿ ಒಂದು. ಮನೆ ಬಾಡಿಗೆ ಕಟ್ಟಲಾಗದೆ ಬಂದವರಿಗೆ ರಿಟರ್ನ್ ತುಂಬಿದ್ದೀರಾ ಎಂದು ಕೇಳುವ ಅವಕಾಶ ಅಂಥ ಕಡೆ ತಾನಾಗಿ ಬರುತ್ತದೆ.

ಒಂದನ್ನು ಮಾತ್ರ ಪರದವರಿಗೆ ಬಿಟ್ಟುಕೊಡಬೇಕು. ವ್ಯಾಪ್ತಿ ಮೀರಿದ ರಿಟರ್ನನ್ನು ನಿಲ್ಲಿಸುವ ಅಧಿಕಾರ ತೆರಿಗೆ ಬಲ್ಲ ಸಂಯೋಜಕರಿಗೆ ಬರಹದಲ್ಲಿ ಇರಬೇಕು. ಮುಖ್ಯಸ್ಥರು ಅದನ್ನು ತಿರುಗಿಸುವಂತಿರಬಾರದು. ಈ ಒಂದು ಸಾಲು ನೇಮಕಾತಿ ಪತ್ರದಲ್ಲಿದ್ದರೆ ದಾನಿಗಳ ಸಂಖ್ಯೆಯ ಒತ್ತಡ ಮೇಜಿನವರೆಗೆ ಇಳಿಯುವುದಿಲ್ಲ.

ಇನ್ನು ಅಲ್ಲಿನ ಬೇಸಿಗೆಯ ಮಾತು. ಐಆರ್‌ಎಸ್‌ನ ಪತ್ರಗಳು ಬರುವುದು ಮೇಜು ಮಡಚಿಟ್ಟ ಮೇಲೆ. ಮಗು ನಿಮ್ಮ ಮನೆಯಲ್ಲೇ ಇತ್ತೆಂದು ಶಾಲೆಯ ಅಥವಾ ವೈದ್ಯರ ದಾಖಲೆ ಕಳಿಸಿ ಎನ್ನುವ ಪತ್ರಕ್ಕೆ ಸಾಮಾನ್ಯವಾಗಿ 30 ದಿನ ಗಡುವು. ಆ ತಾಯಿ ಜುಲೈನಲ್ಲಿ ಫೋನ್ ಮಾಡಿದರೆ ಎತ್ತುವವರೊಬ್ಬರು ಇರಬೇಕು, ಪತ್ರ ಓದಿ ಬಡವರ ತೆರಿಗೆ ವ್ಯಾಜ್ಯ ನೋಡುವ ಕ್ಲಿನಿಕ್‌ಗೆ ದಾರಿ ತೋರಿಸಬೇಕು. ಹನ್ನೆರಡು ತಿಂಗಳೂ ಒಬ್ಬರನ್ನು ಸಂಬಳದ ಮೇಲೆ ಇಟ್ಟುಕೊಳ್ಳಲು ಏಪ್ರಿಲ್‌ಗೆ ಮುಗಿಯದ ಬಜೆಟ್ ಬೇಕು, ಅದನ್ನು ಹಿಂದಿನ ಮೇ ತಿಂಗಳಲ್ಲೇ ಯಾರೋ ಬರೆದಿರಬೇಕು.