ಎರಡೂ ಪಡೆ ನಿಮ್ಮದೇ ಇರಲಿ

ಪುಟ್ಟ ಸೈನಿಕರ ಗೊಂಬೆಗಳಿಗೆ ಬಣ್ಣ ಹಚ್ಚಿ ಮೇಜಿನ ಮೇಲೆ ಯುದ್ಧ ಆಡುವ ಮಿನಿಯೇಚರ್ ವಾರ್‌ಗೇಮಿಂಗ್‌ಗೆ ಕೈ ಹಾಕಿದವರು ಮೊದಲ ವರ್ಷ ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಸೈನ್ಯ ಕೊಂಡಿರುತ್ತಾರೆ, ಆಟ ಕೊಂಡಿರುವುದಿಲ್ಲ. ವರ್ಷದ ಕೊನೆಗೆ ಕಪಾಟಿನಲ್ಲಿ ಬಣ್ಣ ಕಾಣದ ಸೈನಿಕರ ಡಬ್ಬಿಗಳು ಉಳಿದಿರುತ್ತವೆ, ಎದುರು ಕೂತು ಆಡುವವರು ಸಿಕ್ಕಿರುವುದಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಈ ಹವ್ಯಾಸದ ಒಂದು ವರ್ಷ ಕಳೆದ ಮೇಲೆ, ಇಲ್ಲಿನ ಕ್ರಮದಲ್ಲಿ ನಮ್ಮ ಕಡೆಗೆ ಒಗ್ಗುವುದು ಯಾವುದು, ಒಗ್ಗದ್ದು ಯಾವುದು ಎಂಬುದರ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದೆ. ಕರ್ನಾಟಕದಲ್ಲಿ ಶುರು ಮಾಡುವವರು ಎರಡೂ ಪಡೆಗಳನ್ನು ತಾವೇ ಮಾಡಿಟ್ಟುಕೊಳ್ಳಬೇಕು, ಮತ್ತು ಚಿಕ್ಕದಾಗಿ ಮಾಡಬೇಕು.

ಇಲ್ಲಿನ ಕ್ರಮ ಯಾಕೆ ಬೇರೆ ಎನ್ನುವುದಕ್ಕೆ ಕಾರಣ ಸರಳ. ಗೇಮ್ಸ್ ವರ್ಕ್‌ಷಾಪ್, ವಾರ್‌ಲಾರ್ಡ್ ಗೇಮ್ಸ್, ಪೆರ್ರಿ ಮಿನಿಯೇಚರ್ಸ್, ಮ್ಯಾಂಟಿಕ್, ಈ ಆಟದ ಸಾಮಾನು ಮಾಡುವ ಈ ಕಂಪನಿಗಳೆಲ್ಲ ನಾಟಿಂಗ್‌ಹ್ಯಾಮ್ ಮತ್ತು ಅದರ ಆಸುಪಾಸಿನವು. ಊರೂರಲ್ಲಿ ಕ್ಲಬ್ಬುಗಳಿವೆ. ವಾರದಲ್ಲಿ ಒಂದು ಸಂಜೆ ಚರ್ಚಿನ ಅಥವಾ ಸಮುದಾಯದ ಹಾಲ್ ಬಾಡಿಗೆಗೆ ಹಿಡಿದು, ಆರಡಿ ಉದ್ದ ನಾಲ್ಕಡಿ ಅಗಲದ ಮೇಜು ಹಾಕುತ್ತಾರೆ. ಗುಡ್ಡ, ಕಾಡು, ಮನೆಗಳೆಲ್ಲ ಕ್ಲಬ್ಬಿನ ಬೀರುವಿನಲ್ಲೇ ಇರುತ್ತವೆ. ಸದಸ್ಯರು ತಂತಮ್ಮ ಸೈನ್ಯದ ಪೆಟ್ಟಿಗೆ ಮಾತ್ರ ಹೊತ್ತು ಬರುತ್ತಾರೆ. ಎದುರಾಳಿ ಸಿಕ್ಕೇ ಸಿಗುತ್ತಾರೆಂಬ ಭರವಸೆಯ ಮೇಲೆ ಈ ಏರ್ಪಾಡು ನಿಂತಿದೆ. ಒಲ್ಲದ ಸೈನ್ಯವನ್ನು ಮಾರುವುದೂ ಸುಲಭ. ಏಪ್ರಿಲ್‌ನಲ್ಲಿ ಲಂಡನ್ನಿನಲ್ಲಿ ನಡೆಯುವ ಸಲ್ಯೂಟ್, ನ್ಯೂಆರ್ಕ್‌ನ ಪಾರ್ಟಿಜನ್ ತರಹದ ಮೇಳಗಳಿರುವುದರಿಂದ ಹಳೆಯ ಸರಕಿಗೂ ಗಿರಾಕಿಗಳಿದ್ದಾರೆ.

ಬೆಂಗಳೂರಿನಲ್ಲಿ ಆಡುವವರು ಇದ್ದಾರೆ. ಆದರೆ ನಿಮ್ಮ ಬಡಾವಣೆಯಲ್ಲಿ, ನೀವು ಆರಿಸಿಕೊಂಡ ಅದೇ ಆಟಕ್ಕೆ, ಅದೇ ಅಳತೆಯ ಬಣ್ಣ ಹಚ್ಚಿದ ಸೈನ್ಯ ಇಟ್ಟುಕೊಂಡವರು ಸಿಗುತ್ತಾರೆಂದು ನೆಚ್ಚಿಕೊಳ್ಳಲಾಗದು. ಹಾಸನದಲ್ಲೋ ಶಿವಮೊಗ್ಗದಲ್ಲೋ ಇದ್ದರೆ ಇನ್ನೂ ಕಷ್ಟ. ಎರಡೂ ಪಡೆ ನಿಮ್ಮ ಬಳಿಯೇ ಇದ್ದರೆ ಎದುರಾಳಿ ಈ ಹವ್ಯಾಸದವರೇ ಆಗಬೇಕಿಲ್ಲ. ತಂಗಿಯೋ ಸಹೋದ್ಯೋಗಿಯೋ ಬಂದು ಕೂತರೆ ಸಾಕು, ನಿಯಮ ಹತ್ತು ನಿಮಿಷದಲ್ಲಿ ಹೇಳಿಕೊಡಬಹುದು. ನಮ್ಮಲ್ಲಿ ದಸರೆಗೆ ಗೊಂಬೆ ಕೂರಿಸುವ ಮನೆಗಳು ಇದನ್ನು ಚೆನ್ನಾಗಿ ಬಲ್ಲವು. ಪಟ್ಟದ ಗೊಂಬೆಗಳ ಜೋಡಿಯಿಂದ ಶುರು, ಆಮೇಲೆ ವರ್ಷಕ್ಕಿಷ್ಟು ಸೇರಿಸುತ್ತಾ ಹೋಗುವುದು, ಯಾವ ವರ್ಷವೂ ಅರ್ಧಕ್ಕೆ ನಿಂತ ಸಾಲು ಕಾಣದ ಹಾಗೆ. ವಾರ್‌ಗೇಮಿಂಗ್‌ಗೂ ಈ ರೂಢಿ ಸರಿಯಾಗಿ ಹೊಂದುತ್ತದೆ.

ಯಾವ ಆಟ? 28 ಮಿ.ಮೀ. ಎತ್ತರದ ಸೈನಿಕರ ದೊಡ್ಡ ಆಟಗಳನ್ನು ನಾನು ಮೊದಲ ವರ್ಷಕ್ಕೆ ಹೇಳುವುದಿಲ್ಲ. ಭವಿಷ್ಯದ ಕಾಲ್ಪನಿಕ ಯುದ್ಧಗಳ ಆಟವಾದ ವಾರ್‌ಹ್ಯಾಮರ್ 40,000 ತೆಗೆದುಕೊಳ್ಳಿ. 2017, 2020, 2023 ಹೀಗೆ ಮೂರು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬಂದಿದೆ. ನಿಧಾನವಾಗಿ ಬಣ್ಣ ಹಚ್ಚುವವರ ಸೈನ್ಯ ಮುಗಿಯುವ ಹೊತ್ತಿಗೆ ನಿಯಮಗಳೇ ಬದಲಾಗಿರುತ್ತವೆ. ಚರಿತ್ರೆಯ ಸೈನ್ಯಕ್ಕೆ ಆ ಭಯವಿಲ್ಲ. ಪ್ರಾಚೀನ ಮತ್ತು ಮಧ್ಯಯುಗದ ಯುದ್ಧಗಳಿಗೆಂದು 1990ರಲ್ಲಿ ಬಂದ ಡಿಬಿಎ ಎಂಬ ನಿಯಮಾವಳಿಯಲ್ಲಿ ಒಂದೊಂದು ಪಡೆಗೂ ಬರೀ 12 ತಟ್ಟೆಗಳು, ಅಂದರೆ ಸೈನಿಕರನ್ನು ಗುಂಪಾಗಿ ಅಂಟಿಸಿದ ಆಯತಾಕಾರದ ಅಡಿಪಟ್ಟಿಗಳು. 15 ಮಿ.ಮೀ. ಅಳತೆಯ ಸೈನಿಕರಿಗೆ ಎರಡಡಿ ಚೌಕದ ಹಲಗೆ ಸಾಕು. ಊಟದ ಮೇಜಿನ ಅರ್ಧ ಭಾಗದಲ್ಲಿ ಯುದ್ಧ ಮುಗಿಯುತ್ತದೆ, ಅದೂ ಸುಮಾರು ಒಂದು ಗಂಟೆಯೊಳಗೆ. ಸರದಿ ಬಂದಾಗ ಒಂದು ದಾಳ ಎಸೆಯಬೇಕು. ಬಿದ್ದ ಸಂಖ್ಯೆಯಷ್ಟೇ ಚಲನೆಗಳು. ಒಂದು ಬಿದ್ದರೆ ಒಂದೇ ಗುಂಪು ಕದಲುತ್ತದೆ, ಮಿಕ್ಕವರು ನಿಂತಲ್ಲೇ. ಸೇನಾಪತಿಯ ಕಷ್ಟ ಏನೆಂದು ಇಷ್ಟರಲ್ಲೇ ಅರ್ಥವಾಗುತ್ತದೆ.

ನಮಗೆ ಇದರಲ್ಲಿ ನಮ್ಮದೇ ಯುದ್ಧವಿದೆ. 1520ರ ರಾಯಚೂರು: ಕೃಷ್ಣದೇವರಾಯನ ಎದುರು ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾ. ಬಿಜಾಪುರದ ಕಡೆ ಫಿರಂಗಿಗಳಿದ್ದವು, ವಿಜಯನಗರದ ಕಡೆ ಕೋಟೆಯ ಮುತ್ತಿಗೆಗೆ ನೆರವಾದ ಪೋರ್ಚುಗೀಸ್ ಕೋವಿಗಾರರಿದ್ದರು. ಡಿಬಿಎ ನಿಯಮಗಳ ಕಾಲವ್ಯಾಪ್ತಿ ಸುಮಾರು ಅಲ್ಲಿಗೆ ಮುಗಿಯುತ್ತದೆ. ಶುರುವಿಗೆ ನಾನು ಹೇಳುವ ಹಂಚಿಕೆ ಹೀಗೆ (ಅಧಿಕೃತ ಪಟ್ಟಿಯಲ್ಲ, ಕಲಿಯಲು ಹೊಂದಿಸಿದ್ದು). ವಿಜಯನಗರಕ್ಕೆ ಆನೆ 2 ತಟ್ಟೆ, ಕುದುರೆ 3, ಬಿಲ್ಲುಗಾರರು 3, ಕತ್ತಿ-ಗುರಾಣಿಯ ಕಾಲಾಳು 3, ಕೋವಿ 1. ಬಿಜಾಪುರಕ್ಕೆ ಕುದುರೆ 6, ಬಿಲ್ಲುಗಾರರು 2, ಕಾಲಾಳು 2, ಆನೆ 1, ಫಿರಂಗಿ 1. ಕುದುರೆಯ ತಟ್ಟೆಗೆ ಮೂವರು, ಬಿಲ್ಲುಗಾರರು ಮತ್ತು ಕಾಲಾಳಿನ ತಟ್ಟೆಗೆ ನಾಲ್ವರು, ಕೋವಿಗೆ ಇಬ್ಬರು, ಫಿರಂಗಿಗೆ ಮೂವರು, ಆನೆಯ ತಟ್ಟೆಗೆ ಒಂದೇ ಆನೆ ಎಂದಿಟ್ಟುಕೊಂಡರೆ ಎರಡೂ ಕಡೆ ಸೇರಿ 75 ತುಣುಕು. ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ: ಆನೆಯ ಹಿಂದೆ ನಿಮ್ಮವರನ್ನು ಒತ್ತಾಗಿ ನಿಲ್ಲಿಸಬೇಡಿ. ಸೋತು ಹಿಂದೆ ಸರಿಯುವ ಆನೆ ಅಡ್ಡ ಸಿಕ್ಕ ಸ್ವಂತ ತಟ್ಟೆಯನ್ನೇ ನಾಶ ಮಾಡುತ್ತದೆ, ಇದು ನಿಯಮ.

ತಟ್ಟೆಗಳನ್ನು ಆಮದು ಮಾಡಿಕೊಳ್ಳುವ ಅಗತ್ಯವೇ ಇಲ್ಲ. ನಾಮಫಲಕ ಮಾಡುವ ಲೇಸರ್ ಕಟಿಂಗ್ ಅಂಗಡಿಗೆ ಹೋಗಿ 2 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) 40×20 ಮಿ.ಮೀ. 11 ತುಂಡು, 40×30ರದ್ದು 9, 40×40ರದ್ದು 4 ಕತ್ತರಿಸಿಕೊಡಿ ಎನ್ನಿ. ಕಳೆದುಹೋದರೆ ಇರಲೆಂದು ನಾಲ್ಕಾರು ಹೆಚ್ಚಿಗೆ ಮಾಡಿಸಿ. ಎಂಡಿಎಫ್‌ಗೆ ಇರುವ ರೋಗ ಒಂದೇ, ನೀರು. ಮೇಲ್ಭಾಗಕ್ಕೆ ಮಾತ್ರ ಫೆವಿಕಾಲ್ ಮತ್ತು ಮರಳು ಹಚ್ಚಿದರೆ ಅದು ಒಣಗುವಾಗ ಎಳೆದು ತಟ್ಟೆ ದೋಣಿಯ ಹಾಗೆ ಬಾಗುತ್ತದೆ. ಮೊದಲೇ ಎರಡೂ ಬದಿಗೆ ಮತ್ತು ಅಂಚಿಗೆ ತೆಳು ವಾರ್ನಿಷ್ ಒಂದು ಕೈ ಹೊಡೆದು ಒಣಗಿಸಿ, ಫೆವಿಕಾಲಿಗೆ ನೀರು ಬೆರೆಸಬೇಡಿ. ಕರಾವಳಿಯವರು ಎಂಡಿಎಫ್ ಬಿಟ್ಟು ಅಕ್ರಿಲಿಕ್ ಹಾಳೆಯಲ್ಲೇ ಕತ್ತರಿಸಿಕೊಂಡರೆ ಒಳ್ಳೆಯದು. ಅಡಿಗೆ ತೆಳು ಅಯಸ್ಕಾಂತದ ಹಾಳೆ ಅಂಟಿಸಿದರೆ ಬಿಸ್ಕತ್ತಿನ ತಗಡಿನ ಡಬ್ಬಿಯೇ ಸೈನ್ಯದ ಪೆಟ್ಟಿಗೆ.

ಸೈನಿಕರು ಎರಡು ದಾರಿಯಲ್ಲಿ ಸಿಗುತ್ತಾರೆ, ಲೋಹದ ಎರಕ ಅಥವಾ ರೆಸಿನ್ ಪ್ರಿಂಟ್, ಅಂದರೆ ದ್ರವ ರೆಸಿನ್ನನ್ನು ಯುವಿ ಬೆಳಕಿನಿಂದ ಪದರ ಪದರವಾಗಿ ಗಟ್ಟಿ ಮಾಡುವ 3ಡಿ ಪ್ರಿಂಟ್. ಲೋಹದವು ತೂಕ, ಸಾಗಣೆ ಮತ್ತು ಸುಂಕ ಸೇರಿ ದುಬಾರಿ. ಹಾಗಾಗಿ ಭಾರತದಲ್ಲಿ ಪ್ರಿಂಟ್ ಮಾಡಿಸುವುದೇ ಜಾಣತನ, ಮತ್ತು ಈ ಒಂದು ವಿಷಯದಲ್ಲಿ ನಮ್ಮ ಹವೆ ಇಂಗ್ಲೆಂಡಿಗಿಂತ ಎಷ್ಟೋ ಮೇಲು. ಇಲ್ಲಿ ಚಳಿಗಾಲದ ಗ್ಯಾರೇಜಿನಲ್ಲಿ ಉಷ್ಣತೆ 20 ಡಿಗ್ರಿಗಿಂತ ಕೆಳಗಿಳಿದರೆ ರೆಸಿನ್ ಮಂದವಾಗಿ ಪದರಗಳು ಒಂದಕ್ಕೊಂದು ಹಿಡಿಯುವುದಿಲ್ಲ, ಹೀಟರ್ ಇಡಬೇಕು. ಬೆಂಗಳೂರಿನಲ್ಲಿ ವರ್ಷದ ಬಹುಪಾಲು ಆ ತಾಪತ್ರಯವಿಲ್ಲ. ಆದರೆ ನಡುವೆ ಕರೆಂಟು ಹೋದರೆ ಪ್ರಿಂಟ್ ಕೆಡುತ್ತದೆ, ಯುಪಿಎಸ್ ಬೇಕೇ ಬೇಕು. 15 ಮಿ.ಮೀ. ಸೈನಿಕರಿಗೆ 0.05 ಮಿ.ಮೀ. ಪದರ ಸಾಕು. ಈಟಿಗಳು ಮಾತ್ರ ಉಳಿಯುವುದಿಲ್ಲ. ಅವನ್ನು ಕತ್ತರಿಸಿ, 0.6 ಮಿ.ಮೀ. ಕೈ ಡ್ರಿಲ್‌ನಿಂದ ಮುಷ್ಟಿಯಲ್ಲಿ ತೂತು ಕೊರೆದು 0.5 ಮಿ.ಮೀ. ಉಕ್ಕಿನ ತಂತಿ ಸೇರಿಸಿ. ಯುವಿ ಬೆಳಕಿನಲ್ಲಿ ಹೆಚ್ಚು ಹೊತ್ತು ಬೇಯಿಸಿದರೆ ರೆಸಿನ್ ಪೆಡಸಾಗಿ ಕಾಲ ಬಳಿ ಮುರಿಯುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹಸಿ ರೆಸಿನ್ ಚರ್ಮಕ್ಕೂ ನೀರಿಗೂ ವಿಷ. ನೈಟ್ರೈಲ್ ಕೈಗವಸು, ಕಿಟಕಿ ತೆರೆದ ಕೋಣೆ, ಅಡುಗೆ ಮನೆಯಿಂದ ದೂರ. ನೀರಿನಲ್ಲಿ ತೊಳೆಯಬಹುದಾದ ರೆಸಿನ್ ಎಂದು ಬರೆದಿದ್ದರೂ ಆ ತೊಳೆದ ನೀರನ್ನು ಸಿಂಕಿಗೆ, ಚರಂಡಿಗೆ ಸುರಿಯಬಾರದು. ಬಿಸಿಲಿಗಿಟ್ಟು ಗಟ್ಟಿ ಮಾಡಿ, ಸೋಸಿ, ಉಳಿದದ್ದನ್ನು ಅಪಾಯಕಾರಿ ಕಸದ ಜೊತೆ ಕೊಡಿ.

ಬಣ್ಣಕ್ಕೆ ಬಂದರೆ, ಇಂಗ್ಲಿಷರ ಕ್ರಮವನ್ನು ಹಾಗೆಯೇ ನಕಲು ಮಾಡಿ ಕೆಡಿಸಿಕೊಳ್ಳುವುದು ಪ್ರೈಮರ್‌ನಲ್ಲೇ, ಅಂದರೆ ಅಡಿಬಣ್ಣದಲ್ಲೇ. ಇಲ್ಲಿ ಎಲ್ಲರೂ ಸ್ಪ್ರೇ ಡಬ್ಬಿ ಬಳಸುತ್ತಾರೆ. ಚಳಿಯಲ್ಲಿ ಡಬ್ಬಿ ತಣ್ಣಗಾಗಿ ಉಗುಳಿದರೆ ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಇಡುತ್ತಾರೆ (ಬಿಸಿ ನೀರಲ್ಲಿ ಎಂದೂ ಇಡಬಾರದು, ಸಿಡಿಯುತ್ತದೆ). ನಮ್ಮಲ್ಲಿ ತೊಂದರೆ ಬೇರೆ, ಅದೂ ಪ್ರದೇಶಕ್ಕೊಂದು ತರಹ. ಮಂಗಳೂರಿನ ಮಳೆಗಾಲದಲ್ಲಿ ಗಾಳಿಯ ತೇವದಿಂದ ಸ್ಪ್ರೇ ಮೇಲ್ಮೈ ಮಬ್ಬಾಗುತ್ತದೆ, ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್ ಬಿಳಿ ಪೊರೆ ಕಟ್ಟುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಹನಿ ಗಾಳಿಯಲ್ಲೇ ಒಣಗಿ ಸೈನಿಕನ ಮೇಲೆ ಹಿಟ್ಟಿನಂತೆ ಕೂರುತ್ತದೆ, ಮುಟ್ಟಿದರೆ ಮರಳು ಕಾಗದ. ಸ್ಪ್ರೇ ಮಾಡಲೇಬೇಕೆಂದರೆ ದೀಪಾವಳಿ ಕಳೆದು ಶಿವರಾತ್ರಿಯೊಳಗೆ, ಬೆಳಗಿನ ಇಬ್ಬನಿ ಆರಿದ ಮೇಲೆ, 20-25 ಸೆಂ.ಮೀ. ದೂರದಿಂದ.

ನನ್ನ ಸಲಹೆ ಮಾತ್ರ ಬ್ರಷ್‌ನಲ್ಲಿ ಹಚ್ಚುವ ನೀರಿನ ಪ್ರೈಮರ್. ಕಿನ್ನಾಳದ ಗೊಂಬೆ ಕೆಲಸದವರು ಬಣ್ಣಕ್ಕೆ ಮುಂಚೆ ಬಿಳಿಯ ಲೇಪವನ್ನು ಬ್ರಷ್‌ನಲ್ಲೇ ಹಚ್ಚಿ ಮೇಲ್ಮೈ ಸಿದ್ಧಮಾಡುತ್ತಾರೆ. ಕೈಬ್ರಷ್‌ನಿಂದ ಅಡಿಬಣ್ಣ ಚೆನ್ನಾಗಿ ಕೂರುವುದಿಲ್ಲ ಎಂಬ ಮಾತನ್ನು ಅವರ ಕೆಲಸ ನೋಡಿದವರು ನಂಬಲಾರರು. ಬಾಟಲಿಯನ್ನು ಕುಲುಕದೆ ಅಂಗೈಗಳ ನಡುವೆ ಉರುಳಿಸಿ, ಕುಲುಕಿದರೆ ಗುಳ್ಳೆ ಬರುತ್ತದೆ. ಎರಡು ತೆಳು ಕೈ ಹಚ್ಚಿ ಒಂದು ಇಡೀ ದಿನ ಬಿಡಿ. ಅದಕ್ಕೂ ಮೊದಲು ಅಚ್ಚಿನ ಗೆರೆಗಳನ್ನು ಚಾಕುವಿನ ಬೆನ್ನಿನಿಂದ ಹೆರೆದು, ಲೋಹದವನ್ನು ಸೋಪು ನೀರಿನಲ್ಲಿ ಉಜ್ಜಿ ತೊಳೆದಿರಬೇಕು. ಎಣ್ಣೆ ಪಸೆ ಉಳಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ.

ನಾಲ್ಕು ನಾಲ್ಕು ಸೈನಿಕರನ್ನು ಐಸ್‌ಕ್ರೀಮ್ ಕಡ್ಡಿಗೆ ತಾತ್ಕಾಲಿಕವಾಗಿ ಅಂಟಿಸಿಕೊಂಡು ಒಂದು ಸಲಕ್ಕೆ ಎರಡು ತಟ್ಟೆಯಷ್ಟು ಮಾತ್ರ ಹಿಡಿಯಿರಿ. ಚರ್ಮ, ಬಟ್ಟೆ, ಮರ, ಲೋಹ, ಗುರಾಣಿ: ಐದು ಬಣ್ಣ ಸಾಕು. ಕಡುಕಂದು ವಾಷ್ (ಸಂದಿಗಳಿಗೆ ಇಳಿಯುವ ತೆಳು ಬಣ್ಣ) ಒಂದು ಕೈ, ಪೂರ್ತಿ ಒಣಗಿದ ಮೇಲೆ ತಿಳಿ ಬಣ್ಣದಲ್ಲಿ ಹಗುರ ಡ್ರೈಬ್ರಷ್ (ಬಣ್ಣ ಒರೆಸಿದ ಬ್ರಷ್‌ನಿಂದ ಉಬ್ಬುಗಳ ಮೇಲೆ ಸವರುವುದು). 15 ಮಿ.ಮೀ.ಯಲ್ಲಿ ಕಣ್ಣು ಬರೆಯಬೇಡಿ, ಎರಡಡಿ ದೂರದಿಂದ ಕಾಣುವುದು ಪೇಟದ ಬಣ್ಣ. ವಿಜಯನಗರಕ್ಕೆ ಒಂದು ಮುಖ್ಯ ಬಣ್ಣ, ಬಿಜಾಪುರಕ್ಕೆ ಅದಕ್ಕೆ ಎದುರಾದ ಇನ್ನೊಂದು ಎಂದು ಮೊದಲೇ ನಿರ್ಧರಿಸಿದರೆ ಹಲಗೆಯ ಮೇಲೆ ಗೊಂದಲವಿರುವುದಿಲ್ಲ. ವಾರಕ್ಕೆ ಎರಡು ತಟ್ಟೆಯಂತೆ ಹನ್ನೆರಡು ವಾರದಲ್ಲಿ ಎರಡೂ ಪಡೆ ಸಿದ್ಧ. ಬಿಳಿ ಪೊರೆ ಕಟ್ಟಿದ ವಾರ್ನಿಷ್ ಮೇಲೆ ಬ್ರಷ್‌ನಿಂದ ಹೊಳಪಿನ ವಾರ್ನಿಷ್ ಹಚ್ಚಿದರೆ ಬಹಳ ಸಲ ಬಣ್ಣ ಮರಳಿ ಬರುತ್ತದೆ, ಆಮೇಲೆ ಒಣ ದಿನ ನೋಡಿ ಮ್ಯಾಟ್ ಹಚ್ಚಿ. ಫೆವಿಕ್ವಿಕ್ ಕೂಡ ಹೆಚ್ಚಾದರೆ ಸುತ್ತ ಬೆಳ್ಳಗೆ ಹೊಗೆ ಹಿಡಿಸುತ್ತದೆ, ಸೂಜಿಯ ಮೊನೆಯಲ್ಲಿ ಮುಟ್ಟಿಸಿ.

ನೆಲಕ್ಕೆ ಬೇಕಾದದ್ದು ನಮ್ಮ ಸುತ್ತಲೇ ಇದೆ. ಇಂಗ್ಲೆಂಡಿನ ಹವ್ಯಾಸಿಗಳು ಕತ್ತದ ಕಾಲೊರಸು ಕತ್ತರಿಸಿ ಗೋಧಿ ಹೊಲ ಮಾಡುತ್ತಾರೆ. ತೆಂಗಿನ ನಾರು ನಮ್ಮಲ್ಲಿ ಹಿತ್ತಲಿನಲ್ಲೇ ಸಿಗುತ್ತದೆ. ನಾರಿನ ಸಣ್ಣ ಕಟ್ಟಿನ ತುದಿಯನ್ನು ಫೆವಿಕಾಲ್‌ನಲ್ಲಿ ಅದ್ದಿ, ಒಣಗಿದ ಮೇಲೆ 5 ಮಿ.ಮೀ. ಎತ್ತರಕ್ಕೆ ಕತ್ತರಿಸಿದರೆ ಹುಲ್ಲಿನ ಗಂಟು. ಅದನ್ನೇ ಸಾಲಾಗಿ ಕೂಡಿಸಿದರೆ ಮುಳ್ಳುಬೇಲಿ. ಮುಂದೊಂದು ವರ್ಷ 1792ರ ಶ್ರೀರಂಗಪಟ್ಟಣ ಆಡುವ ಮನಸ್ಸಾದರೆ, ಕಾರ್ನ್‌ವಾಲಿಸ್ ಫೆಬ್ರವರಿ 6ರ ರಾತ್ರಿ ದಾಟಿದ ಬೇಲಿಗೆ ಇದೇ ನಾರು ಬೇಕಾಗುತ್ತದೆ. ಮರಳನ್ನು ಜರಡಿ ಹಿಡಿದು ತವಾದ ಮೇಲೆ ಹತ್ತು ನಿಮಿಷ ಹುರಿಯಿರಿ. ರವೆ, ಕುದಿಸಿದ ಚಹಾಪುಡಿ ಬೇಡ, ಇರುವೆ ಮತ್ತು ಬೂಷ್ಟು ಬರುತ್ತದೆ. ಗುಡ್ಡಕ್ಕೆ ಥರ್ಮೋಕೋಲ್ ನಡೆಯುತ್ತದೆ, ಆದರೆ ಸ್ಪ್ರೇ ಬಣ್ಣ, ಫೆವಿಕ್ವಿಕ್ ಎರಡೂ ಅದನ್ನು ಕರಗಿಸುತ್ತವೆ. ಫೆವಿಕಾಲ್, ಗೋಡೆಯ ನೀರು ಬಣ್ಣ, ಸಣ್ಣ ಮರಳು ಸಮಭಾಗ ಕಲಸಿ ಮೆತ್ತಿದರೆ ಅಂಚು ಉದುರುವುದೂ ನಿಲ್ಲುತ್ತದೆ. ರಾಯಚೂರಿನ ಹಲಗೆಗೆ ಹಸಿರು ಕಡಿಮೆ ಇರಲಿ. ಅದು ಬಯಲುಸೀಮೆ, ಇಂಗ್ಲಿಷ್ ಹುಲ್ಲುಗಾವಲಿನ ಬಣ್ಣ ಅಲ್ಲಿ ಸುಳ್ಳಾಗಿ ಕಾಣುತ್ತದೆ.

ಇಲ್ಲಿನವರಿಂದ ಕಲಿಯಲೇಬೇಕಾದದ್ದು ಗುಡ್ಡ-ಕಾಡುಗಳು ಎಲ್ಲರವಾಗಿರುವ ಪದ್ಧತಿ. ಮೂರು ನಾಲ್ಕು ಮನೆಗಳು ಸೇರಿದರೆ ಹಲಗೆ, ಕೆರೆ ಏರಿ, ತೋಪು ಒಂದೇ ಪೆಟ್ಟಿಗೆಯಲ್ಲಿರಲಿ, ತಿಂಗಳಿಗೊಬ್ಬರ ಮನೆಯಲ್ಲಿರಲಿ. ಮುಂದಿನ ಆಟದ ದಿನಾಂಕ ಎದ್ದು ಹೋಗುವ ಮುಂಚೆಯೇ ಗೊತ್ತು ಮಾಡಿಬಿಡಿ. ಇಲ್ಲಿನ ಕ್ಲಬ್ಬುಗಳಲ್ಲಿ ಬಣ್ಣದ ಕೆಲಸ ಮುಗಿಯುವುದೇ ಆ ದಿನಾಂಕದ ಒತ್ತಡದಿಂದ.

ಊರಿಗೆ ಬರುವವರ ಕೈಲಿ ಸಾಮಾನು ತರಿಸಿಕೊಳ್ಳುವುದು ನಮ್ಮವರ ವಾಡಿಕೆ. ಸ್ಪ್ರೇ ಪೇಂಟ್ ಡಬ್ಬಿ, ಐಸೊಪ್ರೊಪೈಲ್ ಆಲ್ಕೊಹಾಲ್, ರೆಸಿನ್ ಕೇಳಬೇಡಿ. ಸ್ಪ್ರೇ ಪೇಂಟನ್ನು ವಿಮಾನದ ಯಾವ ಸಾಮಾನಿನಲ್ಲೂ ಬಿಡುವುದಿಲ್ಲ, ಮಿಕ್ಕೆರಡು ನಮ್ಮೂರಲ್ಲೇ ಸಿಗುತ್ತವೆ. ತರಿಸಲು ಯೋಗ್ಯವಾದದ್ದು ಒಂದನೇ ಮತ್ತು ಎರಡನೇ ನಂಬರಿನ ಒಳ್ಳೆಯ ಸೇಬಲ್ ಬ್ರಷ್‌ಗಳು, ಡ್ರಾಪರ್ ಬಾಟಲಿಯ ನೀರಿನ ಅಕ್ರಿಲಿಕ್ ಬಣ್ಣ, ಸಣ್ಣ ಡ್ರಿಲ್ ಮೊನೆಗಳು. ಲೋಹದ ಸೈನಿಕರಿದ್ದರೆ, ಹವ್ಯಾಸದ ಚಾಕುವಿದ್ದರೆ, ಕೈಚೀಲದಲ್ಲಿ ಇಡದೆ ಚೆಕ್-ಇನ್ ಪೆಟ್ಟಿಗೆಯಲ್ಲೇ ಹಾಕಿಸಿ.