ಪೊರಕೆಗೂ ಮುಹೂರ್ತ ಬೇಕಂತೆ

ನಿನ್ನೆ ಇಡೀ ದಿನ ನಮ್ಮ ಮನೆಯ ಕಸ ಗುಡಿಸಲಿಲ್ಲ. ಪೊರಕೆ ಇತ್ತು, ಕಸವೂ ಧಾರಾಳವಾಗಿತ್ತು. ಆದರೆ ಪೊರಕೆ ನಡುಮನೆಯಲ್ಲಿ ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಂತಿತ್ತು. ಮುಟ್ಟಬಾರದು ಅಂತ ಭಾವನವರ ಅಪ್ಪಣೆ.

ಅವರ ಮೊಬೈಲಿಗೆ ವಿಡಿಯೊ ಬಂದಿತ್ತು. ಇವತ್ತು ಹಗಲು ರಾತ್ರಿ ಸಮ, ಭೂಮಿಯ ಸೆಳೆತ ನೇರವಾಗಿರುತ್ತದೆ, ಇವತ್ತು ಬಿಟ್ಟರೆ ಪೊರಕೆ ನಿಲ್ಲಲ್ಲ ಅಂತ. ಶುರುವಾಯಿತು. ಭಾವನವರು ಮೊಣಕಾಲೂರಿ ಕೂತರು. ಫ್ಯಾನ್ ಆಫ್. ಕಿಟಕಿ ಬಂದ್. ಮಾತು ಬಂದ್. ಎರಡೇ ಬೆರಳಲ್ಲಿ ಹಿಡಿ ಹಿಡಿದು, ಉಸಿರು ಬಿಗಿಹಿಡಿದು, ಮೆಲ್ಲಗೆ ಕೈಬಿಟ್ಟರು. ಆಗಲೇ ನನಗೆ ಸೀನು ಬರಬೇಕೇ! ಪೊರಕೆ ಅವರ ತಲೆಯ ಮೇಲೇ ಬಿತ್ತು. ಅವರು ನೋಡಿದ ನೋಟಕ್ಕೆ ಎರಡನೇ ಸೀನು ಮೂಗಲ್ಲೇ ಉಳಿಯಿತು. ಮುಕ್ಕಾಲು ಗಂಟೆಯ ಮೇಲೆ ನಿಂತಿತು ಪುಣ್ಯಾತ್ಮ ಪೊರಕೆ. ಹದಿನೇಳು ಫೋಟೊ.

ಇದರಲ್ಲಿ ಗ್ರಹಗತಿ ಏನಿಲ್ಲ. ಪೊರಕೆಯ ಭಾರವೆಲ್ಲ ಬುಡದಲ್ಲಿ. ಗಟ್ಟಿ ಕಡ್ಡಿಗಳು ಅಗಲಿಸಿಕೊಂಡು ಕಾಲಾಗುತ್ತವೆ. ತೂಕದ ನಡುಬಿಂದು ಆ ಕಾಲುಗಳ ನೇರಕ್ಕೆ ಬಂದರೆ ಸಾಕು, ಮಂಗಳವಾರವೂ ನಿಲ್ಲುತ್ತದೆ. 2020ರ ಫೆಬ್ರವರಿ 10ರಂದು ‘ಇವತ್ತು ಮಾತ್ರ, ನಾಸಾ ಹೇಳಿದೆ’ ಅಂತ ಹಬ್ಬಿ, ಎಷ್ಟೋ ದೇಶದ ಜನ ಪೊರಕೆ ನಿಲ್ಲಿಸಿದ್ದರು. ಮರುದಿನ ನಾಸಾದವರೇ ಪೊರಕೆ ನಿಲ್ಲಿಸಿ ತೋರಿಸಿದರು, ಇವತ್ತೂ ನಿಲ್ಲುತ್ತೆ ನೋಡಿ ಅಂತ. ಹಗಲು ರಾತ್ರಿ ಸಮ ಇರುವ ದಿನ ಮಾತ್ರ ಮೊಟ್ಟೆ ನೆಟ್ಟಗೆ ನಿಲ್ಲುತ್ತೆ ಅಂತಾರಲ್ಲ, ಅದೂ ಅಷ್ಟೇ. ಸಿಪ್ಪೆ ನುಣುಪು ಅನಿಸಿದರೂ ಸಣ್ಣ ಉಬ್ಬುಗಳಿರುತ್ತವೆ. ಮೂರು ಉಬ್ಬು ನೆಲಕ್ಕೆ ತಾಗಿದರೆ ಮುಕ್ಕಾಲಿ ಆಯಿತು. ಉಳಿದದ್ದು ತಾಳ್ಮೆ. ಇದೆಲ್ಲ ಹೇಳಿದೆ. ಭಾವನವರು ಫೋಟೊ ಕಳಿಸುತ್ತಿದ್ದರು.

ನನ್ನ ಸಿಟ್ಟು ಬೇರೆ. ಬೇಕಾದ್ದು ಯಾವತ್ತೂ ನಿಲ್ಲಲ್ಲ, ಅಲ್ವಾ? ಕೊನೆಯ ನಾಲ್ಕು ಹನಿಗೆಂದು ತಲೆಕೆಳಗೆ ಇಟ್ಟ ಶಾಂಪೂ ಬಾಟಲಿ ರಾತ್ರಿ ಎರಡು ಗಂಟೆಗೆ ದಡಾರನೆ ಬೀಳುತ್ತದೆ. ಮುಚ್ಚಳ ಚೋಟುದ್ದ, ಮೈ ಮಾತ್ರ ಮೊಳದುದ್ದ. ಅದಕ್ಕೊಂದು ವಿಶೇಷ ದಿನ ಯಾರೂ ಹೇಳಲ್ಲ.

ಚಿಕ್ಕವರಿದ್ದಾಗ ಅಣ್ಣನೂ ನಾನೂ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸುತ್ತ ಇಡೀ ಮಧ್ಯಾಹ್ನ ಕಳೆಯುತ್ತಿದ್ದೆವು. ನಿಂತರೆ ಸುಮ್ನೆ ನೋಡುತ್ತ ಕೂರುವುದು. ಇವತ್ತು ಯಾವ ದಿನ ಅಂತ ಕೇಳಿದ ನೆನಪೇ ಇಲ್ಲ.

ಇವತ್ತು ಬೆಳಿಗ್ಗೆ ಭಾವನವರು ಏಳುವ ಮೊದಲೇ ಪೊರಕೆ ತೆಗೆದು ಮನೆಯೆಲ್ಲ ಗುಡಿಸಿದೆ. ವಾಪಸ್ ಅಲ್ಲೇ ಇಟ್ಟೆ. ಒಂದೇ ಸಲಕ್ಕೆ ನಿಂತಿತು. ಭಾವನವರು ಕಣ್ಣುಜ್ಜುತ್ತ ಬಂದರು. ನಡೆದದ್ದೆಲ್ಲ ಹೇಳಿದೆ.

“ನೋಡಿದೆಯಾ, ಪ್ರಭಾವ ಇನ್ನೂ ಇಳಿದಿಲ್ಲ” ಅಂದರು.